ಅಕ್ಕನಿಗಿಂತ ದೊಡ್ಡವಳು

ತಾರತಮ್ಯ ಎಂಬ ಮಾತನ್ನು ನಾವು ಬೈಗುಳದ ಹಾಗೆ ಬಳಸುತ್ತೇವೆ. ಸೊಸೆಗೂ ಮಗಳಿಗೂ ತಾರತಮ್ಯ ಮಾಡುತ್ತಾಳೆ ಎಂದರೆ ಅತ್ತೆಯ ಮೇಲೆ ದೂರು. ಮೇಡಂ ತಾರತಮ್ಯ ಮಾಡುತ್ತಾರೆ ಎಂದರೆ ಮಾರನೆಯ ದಿನ ಪೋಷಕರು ಹೆಡ್‌ಮಾಸ್ಟರ ಕೋಣೆಯ ಮುಂದೆ ನಿಂತಿರುತ್ತಾರೆ. ಆದರೆ ಈ ಶಬ್ದದ ಹುಟ್ಟಿನಲ್ಲಿ ಯಾವ ದೂರೂ ಇಲ್ಲ. ಸಂಸ್ಕೃತದಲ್ಲಿ ಗುಣ ಹೇಳುವ ಮಾತಿಗೆ ‘ತರ’ ಸೇರಿಸಿದರೆ ಒಂದಕ್ಕಿಂತ ಇನ್ನೊಂದು ಹೆಚ್ಚು, ‘ತಮ’ ಸೇರಿಸಿದರೆ ಎಲ್ಲಕ್ಕಿಂತ ಹೆಚ್ಚು. ಲಘು, ಲಘುತರ, ಲಘುತಮ. ಆ ಎರಡು ಪ್ರತ್ಯಯಗಳನ್ನು ಒಟ್ಟಿಗೆ ಕಟ್ಟಿದ ಗಂಟೇ ತಾರತಮ್ಯ. ವ್ಯಾಕರಣದಿಂದ ಎದ್ದ ಈ ಮಾತು ಮಧ್ವಾಚಾರ್ಯರ ಮತದಲ್ಲಿ ಜೀವಜೀವರ ನಡುವಿನ ಶ್ರೇಣಿಗೆ ಹೆಸರಾಯಿತು. ಕೊನೆಗೆ ನಮ್ಮ ಸ್ಟಾಫ್‌ರೂಮಿಗೆ ಬರುವ ಹೊತ್ತಿಗೆ ಅದರ ಮುಖ ಪೂರ್ತಿ ಗಂಟಿಕ್ಕಿಕೊಂಡಿತ್ತು.

ಇದನ್ನೆಲ್ಲ ನಾನು ಯೋಚಿಸತೊಡಗಿದ್ದು ಸ್ಪ್ಯಾನಿಷ್ ಭಾಷೆಯನ್ನು ಕಲಿಯುವಾಗ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಹೊಸ ಭಾಷೆ ಯಾಕೆ ಎಂದು ನೀವು ಕೇಳಬಹುದು. ಘನವಾದ ಕಾರಣವೇನೂ ಇಲ್ಲ. ಮಗಳು ಮ್ಯಾಡ್ರಿಡ್‌ನಲ್ಲಿ ಸಂಸಾರ ಹೂಡಿದ್ದಾಳೆ. ಮೊಮ್ಮಗಳು ಅಮ್ಮನ ಹತ್ತಿರ ಕನ್ನಡದಲ್ಲಿಯೂ ಗೊಂಬೆಯ ಹತ್ತಿರ ಸ್ಪ್ಯಾನಿಷಿನಲ್ಲಿಯೂ ಮಾತಾಡುತ್ತಾಳೆ. ಗೊಂಬೆಯೊಡನೆ ನಡೆಯುವ ಮಾತುಕತೆಯಲ್ಲಿ ನನಗೂ ಒಂದಿಷ್ಟು ಪಾಲು ಬೇಕು ಅನ್ನಿಸಿತು. ಎರಡು ಬೇಸಿಗೆ ರಜೆಗಳನ್ನು ಅಲ್ಲಿ ಕಳೆದೆ. ಲವಾಪಿಯೆಸ್ ಎಂಬ ಬಡಾವಣೆಯಲ್ಲಿ, ಹೊರಗಿನಿಂದ ಬಂದವರಿಗಾಗಿ ಸಂಜೆ ಹೊತ್ತು ಬಿಟ್ಟಿಯಾಗಿ ಭಾಷೆ ಕಲಿಸುವ ಒಂದು ತರಗತಿಗೆ ಹೋದೆ. ಬೆಂಚಿನ ಮೇಲೆ ನನ್ನ ಅಕ್ಕಪಕ್ಕದಲ್ಲಿ ಕೂರುತ್ತಿದ್ದವರು ಮೊರಾಕೊದ ಒಬ್ಬ ಗೃಹಿಣಿ, ಬಾಂಗ್ಲಾದೇಶದ ಒಬ್ಬ ದಿನಸಿ ಅಂಗಡಿಯವನು, ಸೆನೆಗಲ್‌ನ ಹುಡುಗರಿಬ್ಬರು, ಮತ್ತು ನನಗಿಂತ ದೊಡ್ಡವರಾದ ಉಕ್ರೇನಿನ ಒಬ್ಬ ಹೆಂಗಸು. ಕಲಿಸುವವರು ನಿವೃತ್ತ ಶಾಲಾ ಶಿಕ್ಷಕಿ. ಎಪ್ಪತ್ತು ದಾಟಿದ್ದರು. ಅಲ್ಲಿ ಮೇಡಂ ಗೀಡಂ ಇಲ್ಲ, ಎಲ್ಲರೂ ‘ಪ್ರೊಫೆ’ ಎಂದು ಕರೆಯುತ್ತಾರೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ನನಗೆ ಬೆಂಚಿನ ಈಚೆ ಬದಿಯ ಗಾಳಿ ಚೆನ್ನಾಗಿಯೇ ಇತ್ತು.

ಹೋಲಿಕೆಯ ಪಾಠ ಅಲ್ಲಿ ಬೇಗ ಬರುತ್ತದೆ. ಹೆಚ್ಚು ಎನ್ನಲು ‘ಮಾಸ್… ಕೆ’, ಕಡಿಮೆ ಎನ್ನಲು ‘ಮೆನೋಸ್… ಕೆ’, ಸಮ ಎನ್ನಲು ‘ತಾನ್… ಕೋಮೊ’. ನಡುವೆ ಗುಣದ ಮಾತನ್ನಿಟ್ಟರೆ ಮುಗಿಯಿತು. ನಮ್ಮ ‘ಗಿಂತ’ ಮತ್ತು ‘ಅಷ್ಟು’ ಇದ್ದ ಹಾಗೆಯೇ. ಸಂಸ್ಕೃತದಂತೆ, ಇಂಗ್ಲಿಷಿನಂತೆ ಗುಣದ ಮಾತಿಗೇ ಬಾಲ ಸೇರಿಸುವ ಗೋಜು ಹೆಚ್ಚಿಲ್ಲ. ನಾಲ್ಕೈದು ಹಳೆಯ ಲ್ಯಾಟಿನ್ ಮಾತುಗಳು ಮಾತ್ರ ತಮ್ಮ ರೂಪ ಉಳಿಸಿಕೊಂಡಿವೆ: ಮೆಹೋರ್ ಎಂದರೆ ಉತ್ತಮ, ಪೆಯೋರ್ ಎಂದರೆ ಅದಕ್ಕಿಂತ ಕೆಟ್ಟದ್ದು, ಮಯೋರ್ ಹಿರಿದು, ಮೆನೋರ್ ಕಿರಿದು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ‘ಎಲ್ಲರಿಗಿಂತ’ ಎನ್ನುವುದಕ್ಕೆ ಅಲ್ಲಿ ಬೇರೆ ಶಬ್ದವಿಲ್ಲ. ‘ಮಾಸ್ ಆಲ್ತಾ’ ಎಂದರೆ ಹೆಚ್ಚು ಎತ್ತರದವಳು. ಹಿಂದೆ ‘ಲಾ’ ಎಂಬ ಒಂದು ಅಕ್ಷರ ಇಟ್ಟರೆ ಅವಳೇ ಎಲ್ಲರಿಗಿಂತ ಎತ್ತರದವಳಾಗುತ್ತಾಳೆ. ಆದರೆ ಹಾಗಾದಾಗ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ‘ದೆ’ ಎಂದು ಸೇರಿಸಿ ಯಾವ ಗುಂಪಿನೊಳಗೆ ಎಂದು ಹೇಳುತ್ತಾರೆ: ತರಗತಿಯೊಳಗೆ, ಮನೆಯೊಳಗೆ, ಈ ಬೀದಿಯೊಳಗೆ. ಕಿರೀಟ ಕೊಡುವಾಗಲೇ ರಾಜ್ಯದ ಗಡಿಯನ್ನೂ ಗೆರೆ ಎಳೆದು ತೋರಿಸಿದಂತೆ. ನಮ್ಮಲ್ಲಿ ಪ್ರತಿಭಾ ಪುರಸ್ಕಾರದ ವೇದಿಕೆ ಹತ್ತಿದ ಮಕ್ಕಳಿಗೆ ಈ ಗಡಿ ಯಾರೂ ಹೇಳುವುದಿಲ್ಲ. ಹಾಗಾಗಿ ಕಾಲೇಜಿಗೆ ಹೋದ ಮೊದಲ ವರ್ಷವೇ, ತಮ್ಮಂಥ ಇನ್ನೂರು ಮಂದಿಯ ನಡುವೆ ಕೂತು, ಪಾಪ, ಕಂಗಾಲಾಗಿ ಬಿಡುತ್ತವೆ.

ಹೋಲಿಕೆಗಳು ಹೇಸಿಗೆ ತರಿಸುವಂಥವು ಎಂಬ ಅರ್ಥದ ಗಾದೆಯೊಂದು ಸ್ಪೇನಿನಲ್ಲಿ ಮನೆಮಾತು. ಇಬ್ಬರು ಮಕ್ಕಳನ್ನು ಹೋಲಿಸಿ ಯಾರಾದರೂ ಮಾತು ತೆಗೆದರೆ ಕೇಳಿದವರು ಇದನ್ನು ಎಸೆದು ಬಾಯಿ ಮುಚ್ಚಿಸುತ್ತಾರೆ. ಸೆರ್ವಾಂತೆಸ್ 1615ರಲ್ಲಿ ಪ್ರಕಟಿಸಿದ ‘ಡಾನ್ ಕ್ವಿಕ್ಸೋಟ್’ನ ಎರಡನೆಯ ಭಾಗದಲ್ಲಿ, ಅದೂ ನಾಯಕನ ಬಾಯಲ್ಲೇ, ಈ ಗಾದೆ ಬರುತ್ತದೆ. ತನ್ನ ಮನದನ್ನೆಯನ್ನು ಇನ್ನೊಬ್ಬಳ ಜೊತೆ ಇಟ್ಟು ನೋಡಿದ್ದು ಅವನಿಗೆ ಹಿಡಿಸುವುದಿಲ್ಲ. ವ್ಯಾಕರಣ ಹೋಲಿಸುವುದನ್ನು ಕಲಿಸುತ್ತದೆ, ಗಾದೆ ಹೋಲಿಸಬೇಡ ಎನ್ನುತ್ತದೆ. ಭಾಷೆಯೊಂದು ಹೀಗೆ ಎರಡು ಬಾಯಲ್ಲಿ ಮಾತಾಡುವುದು ನಮಗೇನೂ ಹೊಸದಲ್ಲ.

ಪ್ರೊಫೆಯನ್ನು ಒಂದು ಸಂಜೆ ಕೇಳಿದೆ: ‘ಬುಎನೊ’ ಎಂದರೆ ಒಳ್ಳೆಯದು, ‘ಮೆಹೋರ್’ ಎಂದರೆ ಅದಕ್ಕಿಂತ ಒಳ್ಳೆಯದು ಎಂದಾದರೆ ‘ಮಾಸ್ ಬುಎನೊ’ ತಪ್ಪಲ್ಲವೆ? ತಪ್ಪಲ್ಲ, ಮನುಷ್ಯರ ಸ್ವಭಾವದ ಮಾತು ಬಂದಾಗ ಹಾಗೆ ಅನ್ನಬಹುದು ಎಂದರು. ರೊಟ್ಟಿಗಿಂತ ಒಳ್ಳೆಯವನು ಎಂಬ ನುಡಿಗಟ್ಟೇ ಅಲ್ಲಿ ಇದೆ: ‘ಮಾಸ್ ಬುಎನೊ ಕೆ ಎಲ್ ಪಾನ್’. ತೀರ ಒಳ್ಳೆಯ ಜೀವ ಎಂದು ಅರ್ಥ, ನಮ್ಮಲ್ಲಿ ಹಸುವಿನಂಥವನು ಅನ್ನುವ ಹಾಗೆ. ಅಂದರೆ ಅಡುಗೆಯಲ್ಲಿ, ಓಟದಲ್ಲಿ, ಲೆಕ್ಕದಲ್ಲಿ ಒಬ್ಬ ಇನ್ನೊಬ್ಬನಿಗಿಂತ ‘ಮೆಹೋರ್’. ಒಳ್ಳೆಯತನದಲ್ಲಿ ಹೋಲಿಸಬೇಕಾದರೆ ಅವನ ಎದುರಿಗೆ ಇನ್ನೊಬ್ಬ ಮನುಷ್ಯನೇ ಬೇಕೆಂದಿಲ್ಲ, ರೊಟ್ಟಿ ಸಾಕು. ಈ ಹೋಲಿಕೆಯಲ್ಲಿ ಸೋಲುವುದು ರೊಟ್ಟಿ, ಅದಕ್ಕೆ ಬೇಸರವಿಲ್ಲ. ಇದು ನನ್ನ ವ್ಯಾಖ್ಯಾನ. ಪ್ರೊಫೆ ಇಷ್ಟು ದೂರ ಹೋಗಲಿಲ್ಲ.

ಹೋಲಿಸುವುದು ತಪ್ಪೇ ಎಂಬ ಪ್ರಶ್ನೆಗೆ ದೊಡ್ಡವರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ರೂಸೋ 1755ರ ತನ್ನ ಪ್ರಬಂಧದಲ್ಲಿ ಮನುಷ್ಯರು ಒಬ್ಬರನ್ನೊಬ್ಬರು ನೋಡಿ ತೂಗತೊಡಗಿದಲ್ಲಿಯೇ ಅಸಮಾನತೆಯ ಬೀಜ ಕಂಡ. ಬೌದ್ಧರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಾಲಿ ಗ್ರಂಥಗಳಲ್ಲಿ ‘ಮಾನ’ ಎಂಬ ದೋಷಕ್ಕೆ ಮೂರು ಮುಖ: ನಾನು ಮೇಲು, ನಾನು ಕೀಳು, ನಾನು ಸಮ. ಮಾಸ್, ಮೆನೋಸ್, ತಾನ್ ಎಂದು ಮೂರು ಸಾಲು ಬೋರ್ಡಿನ ಮೇಲೆ ಬಿದ್ದಾಗ ನನಗೆ ಅದೇ ನೆನಪಾಯಿತು. ಮೊದಲನೆಯದು ಅಹಂಕಾರ, ಒಪ್ಪೋಣ. ಎರಡನೆಯದೂ ಅಹಂಕಾರದ್ದೇ ಇನ್ನೊಂದು ವೇಷ, ಅದನ್ನೂ ಒಪ್ಪೋಣ. ಆದರೆ ‘ನಾನು ನಿನ್ನಷ್ಟೇ’ ಎನ್ನುವುದೂ ದೋಷವೆ? ನನ್ನ ಶಾಲೆಯಲ್ಲಿ, ಮನೆಯವರು ಎಷ್ಟೋ ತಲೆಮಾರು ಕೇರಿಯಾಚೆ ನಿಂತು ಬಂದ ಒಬ್ಬ ಹುಡುಗಿ ಎದ್ದು ನಿಂತು ‘ನಾನೂ ಅವಳಷ್ಟೇ’ ಎಂದರೆ ಅದನ್ನು ದೋಷ ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಭಿಕ್ಷುವಿಗೆ ಹೇಳಿದ ಮಾತನ್ನು ಶಾಲೆಯ ಹುಡುಗಿಗೆ ಹೇಳಲಾಗದು. ಹೋಲಿಕೆಯನ್ನು ಬಿಡಬೇಕಾದವನು ಮೇಲೆ ಕೂತಿರುವವನು. ಕೆಳಗಿರುವವಳಿಗೆ ಅದು ಬೇಕು, ಅದಿಲ್ಲದೆ ಅನ್ಯಾಯವನ್ನು ಅನ್ಯಾಯ ಎಂದು ತೋರಿಸುವ ದಾರಿಯೇ ಅವಳಿಗಿಲ್ಲ. ಕೂಲಿಯಲ್ಲಿ ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಎಂಬುದನ್ನು ಹೋಲಿಸದೆ ಹೇಳುವುದು ಹೇಗೆ?

ಇಷ್ಟರ ತನಕ ನನ್ನ ವಾದ ಸಲೀಸಾಗಿ ನಡೆದಿತ್ತು. ಮನೆಗೆಲಸ ಕೊಟ್ಟ ಮೇಲೆ ತೊಡಕಾಯಿತು. ನಿಮ್ಮ ಅಕ್ಕನನ್ನೋ ತಮ್ಮನನ್ನೋ ನಿಮ್ಮೊಡನೆ ಹೋಲಿಸಿ ಐದು ವಾಕ್ಯ ಬರೆಯಿರಿ ಎಂದಿದ್ದರು ಪ್ರೊಫೆ. ಅಕ್ಕನಿಗೆ ಸ್ಪ್ಯಾನಿಷಿನಲ್ಲಿ ಬೇರೆ ಶಬ್ದವಿಲ್ಲ. ಒಡಹುಟ್ಟಿದವಳು ‘ಎರ್ಮಾನಾ’, ಅವಳು ಹಿರಿಯಳಾದರೆ ‘ಎರ್ಮಾನಾ ಮಯೋರ್’. ಆ ಮಯೋರ್ ಎಂಬುದೇ ಒಂದು ಹೋಲಿಕೆ. ನಮ್ಮಲ್ಲಿ ಅಕ್ಕ ಎಂದರೆ ಅಕ್ಕ. ಅದು ಹೋಲಿಕೆಯಲ್ಲ, ಸಂಬಂಧ.

ನನಗಿದ್ದವಳು ಒಬ್ಬಳೇ ಅಕ್ಕ. 1984ರ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಅವಳಿಗೆ ಇಪ್ಪತ್ತು, ನನಗೆ ಹದಿನೈದು. ‘ನನ್ನ ಅಕ್ಕ ನನಗಿಂತ ಬೆಳ್ಳಗಿದ್ದಳು’ ಎಂದು ಮೊದಲ ವಾಕ್ಯ ಬರೆದೆ. ‘ನನ್ನಷ್ಟು ಮಾತಾಡುತ್ತಿರಲಿಲ್ಲ’ ಎಂದು ಎರಡನೆಯದು. ಮೂರನೆಯದಕ್ಕೆ ವಯಸ್ಸು ಬರೆಯಬೇಕು. ಅವಳು ನನಗಿಂತ ಐದು ವರ್ಷ ದೊಡ್ಡವಳು ಎಂದು ಬರೆಯಲೆ, ದೊಡ್ಡವಳಾಗಿದ್ದಳು ಎಂದು ಬರೆಯಲೆ? ‘ಎಸ್’ ಎಂದರೆ ಈಗ, ‘ಎರಾ’ ಎಂದರೆ ಆಗ. ಈಗ ಎಂದರೆ ಅವಳು ಇಲ್ಲ. ಆಗ ಎಂದರೆ, ಈಗ ಅವಳು ದೊಡ್ಡವಳಲ್ಲ ಎಂದಂತೆ. ಲೆಕ್ಕಕ್ಕೆ ಅದು ಸರಿಯೇ: ಅವಳಿಗೆ ಇಪ್ಪತ್ತೇ, ನನಗೆ ಐವತ್ತಾರು. ‘ನಾನು ನನ್ನ ಅಕ್ಕನಿಗಿಂತ ದೊಡ್ಡವಳು’ ಎಂದು ಬರೆದರೆ ವ್ಯಾಕರಣವೂ ಒಪ್ಪುತ್ತದೆ, ಗಣಿತವೂ ಒಪ್ಪುತ್ತದೆ. ಆದರೂ ನಾನು ಊರಿಗೆ ಹೋದಾಗ ಹಳೆಯ ಪೆಟ್ಟಿಗೆಯಿಂದ ಅವಳ ಫೋಟೋ ತೆಗೆದರೆ, ಎರಡು ಜಡೆ ಹಾಕಿಕೊಂಡ ಆ ಹುಡುಗಿಯ ಎದುರು ನಾನು ತಂಗಿಯೇ. ನನ್ನ ಮಗಳಿಗಿಂತ ಚಿಕ್ಕವಳಾದ ಅಕ್ಕ. ಹಿರಿತನ ಎನ್ನುವುದು ವರ್ಷಗಳ ಲೆಕ್ಕವಲ್ಲ, ಯಾರು ಮೊದಲು ಬಂದರು ಎಂಬುದು. ಆಮೇಲೆ ಎಷ್ಟು ನಡೆದರೂ ಅದು ಅಳಿಯುವುದಿಲ್ಲ. ‘ಎಸ್’ ಎಂದೇ ಬರೆದೆ. ಪ್ರೊಫೆ ಕೆಂಪು ಶಾಯಿ ಎತ್ತಿದವರು ಒಂದು ಕ್ಷಣ ನಿಂತು, ಬಳಿಕ ಮುಂದಿನ ಸಾಲಿಗೆ ಹೋದರು.

ಹೋಲಿಕೆಯಿಂದ ಭೂತಕಾಲಕ್ಕೆ ದಾಟಲು ನನಗೆ ಸೇತುವೆ ಬೇಕಾಗಲಿಲ್ಲ ಅಂತ ಕಾಣುತ್ತದೆ. ಮೆಹೋರ್‌ನಿಂದ ‘ಮೆಹೊರಾರ್’ ಎಂಬ ಕ್ರಿಯಾಪದ ಹುಟ್ಟುತ್ತದೆ, ಅಂದರೆ ಸುಧಾರಿಸುವುದು. ಪೆಯೋರ್‌ನಿಂದ ‘ಎಂಪೆಯೊರಾರ್’, ಉಲ್ಬಣಿಸುವುದು. ಕಾಯಿಲೆಯವರ ಬಗ್ಗೆ ಈ ಎರಡು ಮಾತು ದಿನವೂ ಬೇಕು. ನಿನ್ನೆಯ ಮನುಷ್ಯನನ್ನು ಇಂದಿನ ಮನುಷ್ಯನ ಪಕ್ಕ ನಿಲ್ಲಿಸಿ ಹೋಲಿಸುವುದೇ ಅದು. ಕನ್ನಡದಲ್ಲಿ ನಾವು ‘ಗುಣವಾಯಿತು’ ಎನ್ನುತ್ತೇವೆ. ‘ಹೆಚ್ಚಾಯಿತು’ ಎಂದರೆ ಕೆಟ್ಟಿತು ಎಂದೇ ಅರ್ಥ, ಏನು ಹೆಚ್ಚಾಯಿತು ಎಂದು ಕೇಳುವಂತಿಲ್ಲ.

ಸ್ಪ್ಯಾನಿಷಿನ ಭೂತಕಾಲ ಮೂರು ಮಗ್ಗುಲಿನದು. ನಡೆದು ಮುಗಿದದ್ದು ಒಂದು, ನಡೆಯುತ್ತಿದ್ದದ್ದು ಒಂದು, ಅದಕ್ಕೂ ಮೊದಲೇ ನಡೆದುಹೋಗಿದ್ದದ್ದು ಒಂದು. ಇಂಗ್ಲಿಷ್ ಮಾತ್ರ ಗೊತ್ತಿದ್ದವರಿಗೆ ಮೊದಲೆರಡರ ವ್ಯತ್ಯಾಸ ತಲೆನೋವು. ಬಂದ, ಬರುತ್ತಿದ್ದ, ಬಂದಿದ್ದ ಎನ್ನುವ ನಮಗೆ ಅಷ್ಟಿಲ್ಲ. ನನಗೆ ಬಿಸಿ ಮುಟ್ಟಿಸಿದ್ದು ಬೇರೆ. ಕನ್ನಡದಲ್ಲಿ ನಾವು ಘಟನೆಗಳನ್ನು ಪೋಣಿಸುತ್ತೇವೆ: ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ಸು ಹಿಡಿದು ಶಾಲೆಗೆ ಹೋದೆ. ಐದು ಕೆಲಸ, ಕೊನೆಯದೊಂದೇ ಪೂರ್ಣ ಕ್ರಿಯೆ. ಅದೊಂದರ ಬಾಲದಲ್ಲಿಯೇ ‘ನಾನು’ ಇರುವುದು, ಉಳಿದ ನಾಲ್ಕು ಅದರ ಸೆರಗು ಹಿಡಿದು ಬರುತ್ತವೆ. ಸ್ಪ್ಯಾನಿಷಿನಲ್ಲಿ ಇದನ್ನೇ ಸರಣಿಯಾಗಿ ಹೇಳಬೇಕಾದರೆ ಎದ್ದೆ, ತೊಳೆದೆ, ಕುಡಿದೆ, ಹಿಡಿದೆ, ಹೋದೆ ಎಂದು ಒಂದೊಂದಕ್ಕೂ ಬೇರೆ ಬೇರೆಯಾಗಿ ಸಹಿ ಹಾಕುತ್ತಾರೆ. ನಡುವೆ ಅಂತೆಸ್, ದೆಸ್ಪುಎಸ್, ಲುಎಗೊ ಎಂದು ಮೊದಲು, ಆಮೇಲೆ, ಅನಂತರ ಎಂಬ ಮೈಲಿಗಲ್ಲುಗಳು.

ನಮ್ಮ ಪೋಣಿಕೆ ಕಿವಿಗೆ ಹಿತ, ಸಂಶಯವಿಲ್ಲ. ಆದರೆ ಅದರಲ್ಲೊಂದು ಅಪಾಯವುಂಟು. ‘ಬಿದ್ದು ಕಾಲು ಮುರಿದುಕೊಂಡ’ ಎಂದರೆ ಬಿದ್ದದ್ದು ಮೊದಲು ಎಂದಷ್ಟೇ ಅಲ್ಲ, ಬಿದ್ದದ್ದರಿಂದಲೇ ಕಾಲು ಮುರಿಯಿತು ಎಂದೂ ಆಯಿತು. ‘ವಿಷ ಕುಡಿದು ಸತ್ತ’ ಎಂದರೆ ಯಾರೂ ಸಾವಿಗೆ ಬೇರೆ ಕಾರಣ ಕೇಳುವುದಿಲ್ಲ. ಮೊದಲು ಎಂಬುದು ಕಾರಣ ಎಂಬುದಾಗಿ ತಿರುಗುವ ಜಾಗ ಆ ಒಂದು ‘ದು’. ಸಂಸ್ಕೃತ ಬಲ್ಲವರು ಇದಕ್ಕೆ ಕಾಕತಾಲೀಯ ಎನ್ನುತ್ತಾರೆ, ಹಳ್ಳಿಯವರು ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎನ್ನುತ್ತಾರೆ. ಗೊತ್ತಿದ್ದೂ ಬಳಸುತ್ತೇವೆ.

ನಮ್ಮ ಮನೆಯಲ್ಲಿ ಅಂಥದೊಂದು ವಾಕ್ಯ ಇತ್ತು. ‘ಆ ಕಷಾಯ ಕುಡಿದು ಹೋದಳು ನನ್ನ ಮಗಳು’ ಎಂದು ಅಮ್ಮ ಹೇಳುತ್ತಿದ್ದರು. ತೀರ್ಥಹಳ್ಳಿಯ ಆಚೆಯ ಊರು ನಮ್ಮದು. ಕಾಮಾಲೆಗೆ ಆಗ ನಮ್ಮ ಕಡೆ ಮೊದಲು ಮಾಡುತ್ತಿದ್ದದ್ದು ನಾಟಿ ಔಷಧಿ, ಆಸ್ಪತ್ರೆ ಆಮೇಲೆ. ಅಪ್ಪ ಮಳೆಯಲ್ಲಿ ಹೊಳೆ ದಾಟಿ ಹೋಗಿ ಔಷಧಿ ತಂದಿದ್ದರು. ‘ನಾನು ತರುವ ಹೊತ್ತಿಗೇ ಹೆಚ್ಚಾಗಿತ್ತು’ ಎಂದು ಅಪ್ಪ. ‘ಕೊಟ್ಟ ಮೇಲೆ ಹೆಚ್ಚಾಯಿತು’ ಎಂದು ಅಮ್ಮ. ಇಬ್ಬರೂ ಜಗಳವಾಡುತ್ತಿರಲಿಲ್ಲ. ವರ್ಷಕ್ಕೊಮ್ಮೆಯೋ ಎರಡು ಸಲವೋ, ಅಡಿಕೆ ಸುಲಿಯುವ ಹೊತ್ತಿನಲ್ಲಿ, ಬಂದ ನೆಂಟರೆದುರು ಮಾತು ಅಲ್ಲಿಗೆ ಹರಿದರೆ ಇಬ್ಬರೂ ತಮ್ಮ ತಮ್ಮ ವಾಕ್ಯ ಹೇಳಿ ಸುಮ್ಮನಾಗುತ್ತಿದ್ದರು. ಮೂವತ್ತು ವರ್ಷ ಅವರು ಒಂದೇ ಸೂರಿನಡಿ ಆ ಎರಡು ವಾಕ್ಯಗಳೊಡನೆ ಬದುಕಿದರು. ಎರಡರಲ್ಲಿಯೂ ಇರುವ ಸಂಗತಿಗಳು ಅವೇ: ಔಷಧಿ ಒಂದು, ಉಲ್ಬಣ ಒಂದು. ಬದಲಾಗುವುದು ಯಾವುದು ಮೊದಲು ಎಂಬುದಷ್ಟೇ. ಆ ‘ಅಷ್ಟೇ’ಯಲ್ಲಿ ಒಬ್ಬ ತಂದೆ ಮಗಳನ್ನು ಉಳಿಸಲು ಹೊಳೆ ದಾಟಿದವನಾಗುತ್ತಾನೆ, ಅಥವಾ ಕೊಂದವನಾಗುತ್ತಾನೆ.

ಭೂತಕಾಲದ ಅಭ್ಯಾಸಕ್ಕೆ ನಾನು ಇದನ್ನೇ ಆರಿಸಿಕೊಂಡೆ. ಯಾಕೆ ಎಂದರೆ ಹೇಳುವುದು ಕಷ್ಟ. ಕನ್ನಡದಲ್ಲಿ ಅದು ನನಗೆ ಬಾಯಿಪಾಠ. ಬಾಯಿಪಾಠವಾದದ್ದನ್ನು ಯಾರೂ ಓದುವುದಿಲ್ಲ. ಪರದೇಶದ ಭಾಷೆಯಲ್ಲಿ ಒಂದೊಂದು ಕ್ರಿಯಾಪದಕ್ಕೂ ನಿಂತು, ಇದು ಮುಗಿದದ್ದೋ ನಡೆಯುತ್ತಿದ್ದದ್ದೋ ಎಂದು ಕೇಳಿಕೊಳ್ಳಲೇಬೇಕು. ಭಾನುವಾರ ಅಕ್ಕನ ಕಣ್ಣು ಹಳದಿಯಾಗಿದ್ದದ್ದನ್ನು ನಾನು ನೋಡಿದೆ. ಬಾವಿಕಟ್ಟೆಯ ಹತ್ತಿರ, ಬಟ್ಟೆ ಹಿಂಡುವಾಗ. ಸೋಮವಾರ ಅವಳು ಊಟ ಮಾಡಲಿಲ್ಲ. ಮಂಗಳವಾರ ಅಪ್ಪ ಔಷಧಿ ತಂದರು. ಬುಧವಾರ ವಾಂತಿ ಶುರುವಾಯಿತು. ಮಳೆ ಹೊಯ್ಯುತ್ತಿತ್ತು. ಬಸ್ಸು ಓಡುತ್ತಿರಲಿಲ್ಲ. ಶುಕ್ರವಾರ ಜೀಪು ಸಿಕ್ಕಿತು. ಹೀಗೆ ಒಂದರ ಕೆಳಗೊಂದು ಬರೆದಾಗ ಕಂಡದ್ದೆಂದರೆ, ಅಪ್ಪ ಸುಳ್ಳು ಹೇಳಿರಲಿಲ್ಲ, ಅಮ್ಮನೂ ಹೇಳಿರಲಿಲ್ಲ. ಅಪ್ಪನ ಲೆಕ್ಕದಲ್ಲಿ ‘ಹೆಚ್ಚಾದದ್ದು’ ಹಳದಿ ಕಣ್ಣು. ಅಮ್ಮನ ಲೆಕ್ಕದಲ್ಲಿ ಅದು ವಾಂತಿ. ಇಬ್ಬರೂ ಒಂದೇ ಕ್ರಿಯಾಪದವನ್ನು ಎರಡು ಬೇರೆ ದಿನಗಳಿಗೆ ಹಚ್ಚಿದ್ದರು. ಮಂಗಳವಾರ ಅವೆರಡರ ನಡುವೆ ಸಿಕ್ಕಿಕೊಂಡಿತ್ತು.

ಔಷಧಿಯಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ಯಾವ ವ್ಯಾಕರಣವೂ ಹೇಳಲಾರದು. ಸ್ಪ್ಯಾನಿಷಿನಲ್ಲಿ ‘ಆದ ಮೇಲೆ’ ಎನ್ನಲು ಒಂದು ಮಾತು, ‘ಅದರಿಂದ’ ಎನ್ನಲು ಬೇರೆ ಮಾತು. ಎರಡನೆಯದನ್ನು ಬರೆಯುವವರು ಅದನ್ನು ತಿಳಿದು ಬರೆಯಬೇಕು. ನಾನು ಮೊದಲನೆಯದನ್ನು ಮಾತ್ರ ಬರೆದೆ. ಅಪ್ಪ ಅಮ್ಮ ಇಬ್ಬರೂ ಈಗ ಇಲ್ಲ, ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಸತ್ಯ ಹೇಳುವುದಕ್ಕೂ ಅನುಕ್ರಮ ಸರಿಯಾಗಿ ಹೇಳುವುದಕ್ಕೂ ವ್ಯತ್ಯಾಸ ಇದೆಯೇ ಎಂದು ಯಾರಾದರೂ ಕೇಳಿದರೆ, ಇದೆ, ಆದರೆ ಎರಡನೆಯದನ್ನು ಬಿಟ್ಟು ಮೊದಲನೆಯದಕ್ಕೆ ಹೋಗುವ ಅಡ್ಡದಾರಿ ನನಗಂತೂ ಕಂಡಿಲ್ಲ.

ಇಲ್ಲಿ ಒಂದು ಸಣ್ಣ ಸಂಗತಿ. ಮ್ಯಾಡ್ರಿಡ್‌ನ ಕಡೆ ಇವತ್ತು ನಡೆದದ್ದಕ್ಕೆ ಒಂದು ಭೂತಕಾಲ, ನಿನ್ನೆಗೆ ಮತ್ತು ಅದರ ಹಿಂದಿನದಕ್ಕೆ ಇನ್ನೊಂದು. ‘ಸತ್ತಿದ್ದಾಳೆ’ ಮತ್ತು ‘ಸತ್ತಳು’ ಎನ್ನುವಷ್ಟು ದೂರ ಇವುಗಳ ನಡುವೆ. ಆದರೆ ಸಾವಿನಂಥ ಸಂಗತಿ ಹಳೆಯದಾಗಿದ್ದರೂ, ಅದರ ನೋವು ಹೇಳುವವನಲ್ಲಿ ಇನ್ನೂ ಹಸಿಯಾಗಿದ್ದರೆ, ಇವತ್ತಿನ ಭೂತಕಾಲವನ್ನೇ ಬಳಸಬಹುದೆಂದು ಅಲ್ಲಿಯ ವ್ಯಾಕರಣಕಾರರು ಒಪ್ಪುತ್ತಾರೆ. ಕಾಲವನ್ನು ಪಂಚಾಂಗ ಒಂದೇ ಅಳೆಯುವುದಿಲ್ಲ ಎಂದು ವ್ಯಾಕರಣದ ಪುಸ್ತಕವೇ ಹೇಳುವುದನ್ನು ಕಂಡು ನನಗೆ ಆ ಭಾಷೆಯ ಮೇಲೆ ಒಂದು ತರಹ ಮಮತೆ ಬಂತು.

ಮನೆಯ ಚರಿತ್ರೆಗೆ ಅನ್ವಯಿಸುವುದು ದೇಶಗಳ ಚರಿತ್ರೆಗೂ ಅನ್ವಯಿಸುತ್ತದೆ. ಸಮಾಜ ವಿಜ್ಞಾನ ಪಾಠ ಮಾಡುವವಳಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಸ್ಪೇನಿನವರಿಗೆ 1492 ಎಂದರೆ ನಮಗೆ 1947 ಇದ್ದಂತೆ, ಅನುಕ್ರಮದ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ವರ್ಷ ಸಿಗದು. ಜನವರಿ 2ರಂದು ಗ್ರಾನಡಾ ಶರಣಾಯಿತು. ಮಾರ್ಚ್ 31ರಂದು ಯಹೂದಿಗಳನ್ನು ದೇಶದಿಂದ ಹೊರಹಾಕುವ ಆಜ್ಞೆ ಹೊರಟಿತು. ಆಗಸ್ಟ್ 3ರಂದು ಕೊಲಂಬಸನ ಮೂರು ಹಡಗುಗಳು ಪಾಲೋಸ್ ಬಂದರು ಬಿಟ್ಟವು. ಆಗಸ್ಟ್ 18ರಂದು ನೆಬ್ರಿಹಾ ಎಂಬ ಪಂಡಿತನ ಕ್ಯಾಸ್ಟಿಲಿಯನ್ ವ್ಯಾಕರಣ ಸಾಲಮಾಂಕಾದಲ್ಲಿ ಅಚ್ಚಾಯಿತು. ಅಕ್ಟೋಬರ್ 12ರಂದು ಹಡಗುಗಳು ಈಗಿನ ಬಹಾಮಾಸ್‌ನ ಒಂದು ದ್ವೀಪ ಮುಟ್ಟಿದವು.

ನೆಬ್ರಿಹಾ ತನ್ನ ಮುನ್ನುಡಿಯಲ್ಲಿ ಭಾಷೆಯೂ ಸಾಮ್ರಾಜ್ಯವೂ ಯಾವಾಗಲೂ ಜೊತೆಯಾಗಿಯೇ ನಡೆದಿವೆ ಎಂದು ರಾಣಿ ಇಸಾಬೆಲಳಿಗೆ ಬರೆದ. ಅದನ್ನು ಓದಿದವರಿಗೆ ಅಮೆರಿಕ ಖಂಡವನ್ನು ಗೆಲ್ಲುವುದಕ್ಕಾಗಿಯೇ ಈ ವ್ಯಾಕರಣ ಹುಟ್ಟಿತೆಂದು ಅನ್ನಿಸುವುದು ಸುಲಭ. ಆದರೆ ತಾರೀಖು ನೋಡಿ. ಪುಸ್ತಕ ಅಚ್ಚಾಗುವ ಹೊತ್ತಿಗೆ ಹಡಗುಗಳು ಹೊರಟು ಹದಿನೈದು ದಿನವಾಗಿತ್ತು, ಆ ನೆಲ ಇದೆಯೆಂದು ಸಾಲಮಾಂಕಾದಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವನ ಕಣ್ಣ ಮುಂದೆ ಇದ್ದ ಸಾಮ್ರಾಜ್ಯ ಬೇರೆ. ಸಾಮ್ರಾಜ್ಯದ ಜೊತೆ ಭಾಷೆಗೆ ನಂಟೇ ಇಲ್ಲ ಎಂದು ಇದರಿಂದ ಆಗುವುದಿಲ್ಲ. ಬಂದ ಮೇಲೆ ಆ ಭಾಷೆ ಅಲ್ಲಿ ಏನೆಲ್ಲ ಮಾಡಿತೋ ಅದು ಬೇರೆಯೇ ದೊಡ್ಡ ಕತೆ. ಆದರೆ ಆರೋಪ ಹೊರಿಸುವಾಗಲೂ ಮೊದಲು ಯಾವುದು, ಆಮೇಲೆ ಯಾವುದು ಎಂದು ನೋಡಿಯೇ ಹೊರಿಸಬೇಕಲ್ಲ?

ಕೊಲಂಬಸನ ವಾಕ್ಯದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದು ನನ್ನನ್ನು ಬಹಳ ದಿನ ಕಾಡಿತು. ನಿಯಮದಂತೆ, ನಡೆಯುತ್ತಿದ್ದ ಸ್ಥಿತಿ ಹಿನ್ನೆಲೆ, ನಡುವೆ ಬಂದು ಬಿದ್ದದ್ದು ಘಟನೆ. ‘ನಾನು ಅಡುಗೆ ಮಾಡುತ್ತಿದ್ದೆ, ಕರೆಗಂಟೆ ಬಾರಿಸಿತು.’ ಇದನ್ನೇ ಚರಿತ್ರೆಗೆ ಹಚ್ಚಿದರೆ: ‘ಆ ದ್ವೀಪದಲ್ಲಿ ತೈನೋ ಜನ ವಾಸಿಸುತ್ತಿದ್ದರು, ಕೊಲಂಬಸ್ ಬಂದ.’ ವ್ಯಾಕರಣ ಸರಿ, ಸಂಗತಿಯೂ ಸರಿ. ಆದರೆ ತೈನೋಗಳು ‘ಮಳೆ ಬರುತ್ತಿತ್ತು’ ಎನ್ನುವಲ್ಲಿಯ ಮಳೆಯಂತೆ ಹಿನ್ನೆಲೆಯಲ್ಲಿ ನಿಂತುಬಿಟ್ಟರು. ಮಾಡಿದವನು ಒಬ್ಬನೇ, ಬಂದವನು. ಅಕ್ಟೋಬರ್ 12 ಸ್ಪೇನಿಗೆ ಇಂದೂ ರಾಷ್ಟ್ರೀಯ ದಿನ. ವೆನೆಜುವೆಲಾ 2002ರಲ್ಲಿ ಅದೇ ದಿನವನ್ನು ಮೂಲನಿವಾಸಿಗಳ ಪ್ರತಿರೋಧದ ದಿನ ಎಂದು ಕರೆಯಿತು. ತಾರೀಖು ಒಂದೇ, ಕರ್ತೃ ಬೇರೆ.

ನಮ್ಮ ತರಗತಿಗಳಲ್ಲಿ ನಾವು ಹೇಳುವುದೂ ಹೀಗೆಯೇ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಾಗ ಅಲ್ಲಿ ಸಾಮೂದಿರಿ ಆಳುತ್ತಿದ್ದ, ಅರಬ್ ವರ್ತಕರು ವ್ಯಾಪಾರ ಮಾಡುತ್ತಿದ್ದರು. ಎಲ್ಲರೂ ‘ಉತ್ತಿದ್ದ’, ಗಾಮ ಒಬ್ಬ ‘ಬಂದ’. ಊರಿಗೆ ಮರಳಿದ ಮೇಲೆ ಎಂಟನೆಯ ತರಗತಿಗೆ ನಾನೊಂದು ಅಭ್ಯಾಸ ಕೊಟ್ಟೆ: ಕಲ್ಲಿಕೋಟೆಯ ಪೇಟೆಯವರೊಬ್ಬರು ಆ ದಿನದ ಬಗ್ಗೆ ಬರೆದ ಹಾಗೆ ಐದು ವಾಕ್ಯ ಬರೆಯಿರಿ. ಹೆಚ್ಚಿನವರು ‘ನಾವು ಗಾಮನನ್ನು ನೋಡಿದೆವು’ ಎಂದು ಶುರುಮಾಡಿದರು. ಹಿಂದಿನ ಬೆಂಚಿನ ಒಬ್ಬ ಹುಡುಗ ಬರೆದದ್ದು ಹೀಗೆ: ಬೆಳಿಗ್ಗೆ ನಾವು ಅಂಗಡಿ ತೆರೆದೆವು. ಮೆಣಸು ತೂಗಿದೆವು. ಅರಬರಿಗೆ ಎರಡು ಮೂಟೆ ಮಾರಿದೆವು. ಆಮೇಲೆ ಊಟ ಮಾಡಿದೆವು. ಆಗ ಸಮುದ್ರದಲ್ಲಿ ಯಾರದ್ದೋ ಹಡಗುಗಳು ನಿಂತಿದ್ದವು.

ಜೋರಾಗಿ ಓದಿ ಹೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು, ಅವನಿಗೆ ನನಗಿಂತ ಜಾಸ್ತಿ ಅಂಕವಾ ಮೇಡಂ ಎಂದು ಕೇಳಿದಳು. ಐದಕ್ಕೆ ನಾಲ್ಕು ಕೊಟ್ಟಿದ್ದೇನೆ, ಇಸವಿ ಬರೆದಿಲ್ಲ ಎಂದೆ.